ಘಟ್ಟದ ಬುಡದಲ್ಲಿ ತಂಗುವ ದಾರಿಹೋಕ ಚಿಟ್ಟೆಗಳು

ಹಕ್ಕಿಗಳು ಋತುಮಾನಕ್ಕನುಗುಣವಾಗಿ ದೂರದ ನಾಡುಗಳಿಗೆ ಹೋಗಿಬರುತ್ತವೆಂಬುದನ್ನು ನಮ್ಮಲ್ಲಿ ಬಹುಮಂದಿ ಬಲ್ಲರು. ರಂಗನತಿಟ್ಟಿಗೋ ಗುಡವಿಗೋ ಮಕ್ಕಳನ್ನು ಕರೆದೊಯ್ದು ತೋರಿಸಿದ ತಾಯಿತಂದೆಯರೂ ಉಂಟು. ಆದರೆ ಬೆರಳು ಸೋಕಿದರೆ ಬಣ್ಣ ಉದುರುವ ಚಿಟ್ಟೆಯೂ ಸಾವಿರಗಟ್ಟಲೆ ಕೂಡಿಕೊಂಡು ಘಟ್ಟದಿಂದ ಬಯಲಿಗೆ, ಬಯಲಿನಿಂದ ಘಟ್ಟಕ್ಕೆ ಪ್ರಯಾಣ ಮಾಡುತ್ತದೆಂದರೆ ನಂಬುವವರು ಕಡಿಮೆ. ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲಿ ಪಾತರಗಿತ್ತಿಯೆಂಬ ಮುದ್ದಿನ ಹೆಸರು ಪಡೆದ ಜೀವಿಯೇ ಇದು.

ಉಡುಪಿ ಜಿಲ್ಲೆಯ ಕಾರ್ಕಳ ಪಟ್ಟಣಕ್ಕೆ ಹೊಂದಿಕೊಂಡಂತೆ ಕುಕ್ಕುಂದೂರು ಎಂಬ ಗ್ರಾಮವಿದೆ. ಮೂಡಣಕ್ಕೆ ಪಶ್ಚಿಮ ಘಟ್ಟದ ಸಾಲು. ಇತ್ತ ಮುರಕಲ್ಲಿನ ಗುಡ್ಡ, ಅಡಿಕೆ ತೋಟ, ಗದ್ದೆ, ನಡುವೆ ನೆರಳು ಕವಿದ ತೋಡು. ಮಳೆಗಾಲ ಮುಗಿದು ಹಸಿರು ಇನ್ನೂ ಆರದಿರುವ ತಿಂಗಳುಗಳಲ್ಲಿ ಇಂಥ ಊರುಗಳ ಹಾಡಿಯಂಚಿಗೆ ಹೋದವರಿಗೆ, ಒಂದೇ ಗಿಡಕ್ಕೆ ಹತ್ತಾರು ಚಿಟ್ಟೆಗಳು ಜೋತುಬಿದ್ದಿರುವ ನೋಟ ಕಾಣಸಿಗುವುದುಂಟು. ಕೆಲವು ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿಯ ಗೆರೆಚುಕ್ಕೆಗಳುಳ್ಳವು. ಇವು ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್. ಕೆಲವು ಕಂದು ರೆಕ್ಕೆಯ ಅಂಚಿಗೆ ಬಿಳಿ ಚುಕ್ಕೆ ಪೋಣಿಸಿಕೊಂಡವು. ಇವು ಕಾಮನ್ ಕ್ರೋ. ದಕ್ಷಿಣ ಭಾರತದ ದೊಡ್ಡ ಚಿಟ್ಟೆ ವಲಸೆಗಳಲ್ಲಿ ಮುಖ್ಯ ಪಾತ್ರ ಈ ಬಳಗದ್ದೇ.

ಮುಂಗಾರಿಗೆ ಮುನ್ನ, ಏಪ್ರಿಲ್‌ನಿಂದ ಜೂನ್‌ವರೆಗೆ, ಇವು ಘಟ್ಟವನ್ನು ಬಿಟ್ಟು ಪೂರ್ವದ ಬಯಲಿನತ್ತ ಸಾಗುತ್ತವೆ. ಘಟ್ಟದ ಜಡಿಮಳೆಯಲ್ಲಿ ಚಿಟ್ಟೆ ಹಾರುವುದು, ಉಣ್ಣುವುದು ಕಷ್ಟ. ಬಯಲಿನಲ್ಲಿಯಾದರೋ ಹದಮಳೆಗೆ ಚಿಗುರಿದ ಎಲೆ ಮರಿಹುಳುಗಳಿಗೆ ಆಹಾರವಾಗುತ್ತದೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಮರಳುವ ಕಾಲ. ಬೆಂಗಳೂರಿನಂಥ ಮಹಾನಗರದ ಮೇಲೂ ಈ ದಂಡು ಹಾದುಹೋಗುತ್ತದೆ. ತಲೆಯೆತ್ತಿ ನೋಡುವವರು ಎಷ್ಟು ಜನರೋ! ಚಿಟ್ಟೆ ವಿಜ್ಞಾನಿ ಕೃಷ್ಣಮೇಘ ಕುಂಟೆಯವರು ಈ ವಲಸೆಯಲ್ಲಿ ಯಾವ ಜಾತಿಗಳು, ಗಂಡೆಷ್ಟು ಹೆಣ್ಣೆಷ್ಟು, ಯಾವ ದಿಕ್ಕಿಗೆ ಎಂಬುದನ್ನು ಕುರಿತು 2005ರಲ್ಲಿ ಅಧ್ಯಯನ ಪ್ರಕಟಿಸಿದರು. ಇದೇ ಕುಲಕ್ಕೆ ಸೇರಿದ ಅಮೆರಿಕದ ಮೊನಾರ್ಕ್ ಚಿಟ್ಟೆಗಳು ಚಳಿಗಾಲ ಕಳೆಯುವ ಮೆಕ್ಸಿಕೋದ ಬೆಟ್ಟಗಳು ಹೊರಗಿನ ವಿಜ್ಞಾನಿಗಳಿಗೆ ತಿಳಿದದ್ದು 1975ರಲ್ಲಷ್ಟೇ. ಅದರ ಕಥೆ ಜಗತ್ತಿಗೆಲ್ಲ ಗೊತ್ತು. ನಮ್ಮ ಹಿತ್ತಲಿನದು ನಮಗೇ ಗೊತ್ತಿಲ್ಲ.

ಅವು ಕೂಡುವ ಗಿಡವನ್ನು ಗಮನಿಸಿದರೆ ಸೋಜಿಗವಾಗುತ್ತದೆ. ಅದು ಅನೇಕ ವೇಳೆ ಹೂವಿಲ್ಲದ, ಅರ್ಧ ಒಣಗಿದ ಕಳೆಗಿಡ. ಒಣಕಾಯಿಯನ್ನು ಅಲುಗಿಸಿದರೆ ಗಿಲಕಿಯಂತೆ ಸದ್ದುಮಾಡುವ, ಸೆಣಬಿನ ಬಳಗದ ಕಾಡುಗಿಡವೊಂದು. ಚೇಳಿನ ಬಾಲದಂತೆ ಹೂಗೊಂಚಲು ಸುರುಳಿಗೊಂಡಿರುವ ಇನ್ನೊಂದು. ಚಿಟ್ಟೆಗಳು ಅಲ್ಲಿಗೆ ಬರುವುದು ಜೇನಿಗಾಗಿ ಅಲ್ಲ. ಈ ಗಿಡಗಳ ಎಲೆ, ಕಾಂಡ, ಕಾಯಿಗಳಲ್ಲಿ ವಿಷದ ಗುಣವುಳ್ಳ ಸಾರವೊಂದಿದೆ. ಮುಖ್ಯವಾಗಿ ಗಂಡುಚಿಟ್ಟೆಗಳು ಒಣಗಿದ ಭಾಗವನ್ನು ಕಾಲಿನಿಂದ ಕೆರೆದು, ನಳಿಕೆಯಂಥ ನಾಲಗೆಯಿಂದ ಆ ಸಾರವನ್ನು ಹೀರುತ್ತವೆ. ಹೆಣ್ಣನ್ನು ಒಲಿಸುವ ಪರಿಮಳ ಒಡಲಲ್ಲಿ ಸಿದ್ಧವಾಗುವುದು ಇದರಿಂದಲೇ. ಹಕ್ಕಿಯ ಬಾಯಿಗೆ ಕಹಿಯಾಗಿ ಜೀವ ಉಳಿಸುವುದೂ ಇದೇ. ಸಂತಾನ ಮತ್ತು ರಕ್ಷಣೆ ಎರಡೂ ಒಂದು ಒಣಗಿಡವನ್ನು ಅವಲಂಬಿಸಿವೆ.

ಕಷ್ಟ ಇರುವುದೂ ಇಲ್ಲಿಯೇ. ಮಳೆ ನಿಂತೊಡನೆ ಗದ್ದೆಯ ಹುಣಿ, ತೋಡಿನ ದಂಡೆ, ಗುಡ್ಡದ ಬದಿಗಳನ್ನು ಸವರಿ ಚೊಕ್ಕಟಗೊಳಿಸುವುದು ರೂಢಿ. ಹಿಂದೆ ಕತ್ತಿಯಿಂದ ಸವರುತ್ತಿದ್ದಾಗ ಅಲ್ಲೊಂದು ಇಲ್ಲೊಂದು ಗಿಡ ಉಳಿಯುತ್ತಿತ್ತು. ಕಡಿದದ್ದೂ ಅಲ್ಲಿಯೇ ಬಿದ್ದು ಒಣಗುತ್ತಿತ್ತು. ಕಳೆನಾಶಕದ ಪಂಪು ಬೆನ್ನೇರಿದ ಮೇಲೆ ಬುಡಸಹಿತ ಎಲ್ಲವೂ ಹೋಗುತ್ತದೆ. ಕೂಲಿಯಾಳು ಸಿಗದ ಕಾಲದಲ್ಲಿ ರೈತನನ್ನು ದೂರುವುದು ನ್ಯಾಯವಲ್ಲ. ಆದರೂ ಬೆಳೆಯಿಲ್ಲದ ಮೂಲೆಯನ್ನು, ತೋಡಿನ ನೆರಳನ್ನು ಜನವರಿಯವರೆಗೆ ಮುಟ್ಟದೆ ಬಿಡುವುದರಿಂದ ಯಾರ ಫಸಲೂ ಕಡಿಮೆಯಾಗದು. ಕಾರ್ಕಳ-ಮೂಡುಬಿದಿರೆ ದಾರಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರು ಸುಮಾರು 7 ಎಕರೆ ಸ್ವಂತ ಭೂಮಿಯಲ್ಲಿ ಚಿಟ್ಟೆಗಳಿಗೆ ಬೇಕಾದ ಗಿಡಗಳನ್ನು ಬೆಳೆಸಿ, 2013ರಲ್ಲಿ ಚಿಟ್ಟೆ ಉದ್ಯಾನವನ್ನು ತೆರೆದು, ಖಾಸಗಿ ಜಮೀನಿನಲ್ಲಿ ಇದು ಸಾಧ್ಯವೆಂದು ತೋರಿಸಿದ್ದಾರೆ.

ಏಳು ಎಕರೆ ಇಲ್ಲದವರ ಅಂಗಳದಲ್ಲಿ ಕಣಗಿಲೆಯಾದರೂ ಇದ್ದೀತು. ಪೂಜೆಗೆ ಹೂ ಬಿಡಿಸುವಾಗ ತಾಯಂದಿರು ಎಲೆಯಡಿ ಒಮ್ಮೆ ಕಣ್ಣಾಡಿಸಬೇಕು. ಕಾಮನ್ ಕ್ರೋ ಮೊಟ್ಟೆಯಿಡುವ ಗಿಡಗಳಲ್ಲಿ ಇದೂ ಒಂದು. ಅದರ ಕೋಶ ಚಿನ್ನದ ನೀರು ಹಾಯಿಸಿದ ಓಲೆಯಂತೆ ಹೊಳೆಯುತ್ತ ಎಲೆಯ ಕೆಳಗೆ ತೂಗಾಡುತ್ತಿರುತ್ತದೆ. ಎಲೆ ತಿಂದ ಹುಳುವೆಂದು ಕಿತ್ತೆಸೆಯದಿದ್ದರೆ ಮಕ್ಕಳು ಚಿಟ್ಟೆ ಹೊರಬರುವುದನ್ನು ಮನೆಯಂಗಳದಲ್ಲಿಯೇ ನೋಡಬಹುದು.

ದಸರಾ ರಜೆಯಲ್ಲಿ ಮಕ್ಕಳಿಗೆ ಇನ್ನೊಂದು ಕೆಲಸವನ್ನೂ ಕೊಡಬಹುದು. ವಲಸೆಯ ಚಿಟ್ಟೆ ಹೂವಿಂದ ಹೂವಿಗೆ ಸುತ್ತಾಡುವುದಿಲ್ಲ. ಅಡ್ಡ ಬಂದ ಮರವನ್ನೂ ಮೇಲಿಂದ ದಾಟಿ ಒಂದೇ ದಿಕ್ಕಿಗೆ ಸಾಗುತ್ತದೆ. ಬಿಸಿಲೇರಿದ ಮೇಲೆ ಬಯಲಿನಲ್ಲಿ ನಿಂತು, ಎರಡು ತೆಂಗಿನ ಮರಗಳ ನಡುವಿನ ಜಾಗವನ್ನು ಹದ್ದಾಗಿ ಇಟ್ಟುಕೊಂಡು, ಐದು ನಿಮಿಷದಲ್ಲಿ ಹಾದುಹೋದವನ್ನು ಎಣಿಸಲಿ. ದಿನಾಂಕ, ಗಂಟೆ, ದಿಕ್ಕು, ಮೋಡವೋ ಬಿಸಿಲೋ ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಡಲಿ. ಮೇ ತಿಂಗಳಲ್ಲಿ ಅದೇ ಮರಗಳ ನಡುವೆ ಮತ್ತೊಮ್ಮೆ ಎಣಿಸಿ, ಈ ಬಾರಿ ದಿಕ್ಕು ಯಾವುದೆಂದು ಹಳೆಯ ಪುಟದೊಡನೆ ಹೋಲಿಸಿ ನೋಡಲಿ.