ನಿಮಗಿದು ಗೊತ್ತೇ? ಉಸಿರಿಗೂ ಬೇಕು ತಾಲೀಮು

'ಜ್ವರ ಬಿಟ್ಟಾವ್ರೀ, ಆದ್ರ ನಾಕು ಹೆಜ್ಜಿ ನಡದ್ರ ದಮ್ ಹತ್ತತದ.' ಮಾನ್ವಿ ತಾಲ್ಲೂಕಿನ ಕುರ್ಡಿ ಸೀಮೆಯಲ್ಲಿ ವೈರಲ್ ಜ್ವರ, ಕೆಮ್ಮು ಕಳೆದ ಮೇಲೂ ಈ ಮಾತು ಉಳಿಯುತ್ತದೆ. ಏಕೆ?

● ಶ್ವಾಸಕೋಶ ತಾನಾಗಿ ಹಿಗ್ಗಲಾರದು. ಅದನ್ನು ಹಿಗ್ಗಿಸುವುದು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮತ್ತು ಎದೆ, ಹೊಟ್ಟೆಗಳ ಮಧ್ಯದ ವಪೆ. ಗೋಲಗುಂಬಜದ ಗುಮ್ಮಟದಂತೆ ಮೇಲಕ್ಕೆ ಉಬ್ಬಿರುವ ವಪೆ, ಉಸಿರೆಳೆದಾಗ ತಗ್ಗುತ್ತದೆ. ಆಗ ಹೊಟ್ಟೆ ಮುಂದೆ ಬರುತ್ತದೆ.

● ನಿಮಿಷಕ್ಕೆ 12 ಉಸಿರೆಂದರೂ ದಿನಕ್ಕೆ 17,280! ವಾರದ ಸಂತೆಗೂ ರಜೆ ಪಡೆಯದ ಕೂಲಿ ಇದು.

● ಹಾಸಿಗೆ ಹಿಡಿದವರ ಕಾಲು ಸೋಲುವಂತೆ ಉಸಿರಿನ ಸ್ನಾಯುವೂ ಸೋಲುತ್ತದೆ. 18ರಿಂದ 69 ಗಂಟೆ ವೆಂಟಿಲೇಟರ್ ಮೇಲಿದ್ದು, ವಪೆ ಪೂರ್ತಿ ಸ್ತಬ್ಧವಾಗಿದ್ದವರಲ್ಲಿ ಅದರ ಎಳೆಗಳು ಅರ್ಧಕ್ಕಿಂತ ಹೆಚ್ಚು ಕುಗ್ಗಿದ್ದು 2008ರ ಅಧ್ಯಯನದಲ್ಲಿ ಕಂಡಿತು.

● ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಸಾಧನ ಊದುವುದಕ್ಕಲ್ಲ, ಎಳೆಯುವುದಕ್ಕೆ! ಒಲೆಯ ಊದುಗೊಳವೆ ಹಿಡಿದ ಅಭ್ಯಾಸದಿಂದ ಹಲವರು ಊದಿಬಿಡುತ್ತಾರೆ. ಸೆಕೆಂಡಿಗೆ 600 ಮಿ.ಲೀ. ಗಾಳಿ ಎಳೆದರೆ ಮೊದಲ ಚೆಂಡು, 900ಕ್ಕೆ ಎರಡನೆಯದು, 1,200ಕ್ಕೆ ಮೂರನೆಯದು ಏಳುತ್ತದೆ.

● ಎಳೆಯುವ ಗಾಳಿಗೆ ತಡೆಯೊಡ್ಡಿ ಸ್ನಾಯು ಬಲಪಡಿಸುವ ಸಾಧನವೂ ಇದೆ. ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದ 281 ಜನರ ಮೇಲೆ ಬ್ರಿಟನ್ನಿನಲ್ಲಿ ಪ್ರಯೋಗ ನಡೆಯಿತು. ವಾರಕ್ಕೆ 3 ಸಲದಂತೆ 8 ವಾರ ತಾಲೀಮು ಮಾಡಿದವರ ಏದುಸಿರು ತಗ್ಗಿತು.

● ಕಾಸು ಖರ್ಚಿಲ್ಲದ ತಾಲೀಮು: ಹೊಟ್ಟೆಯ ಮೇಲೆ ಕೈಯಿಟ್ಟು, ಕೈ ಮೇಲೇಳುವಂತೆ ಮೂಗಿನಿಂದ ಉಸಿರೆಳೆಯಿರಿ. ಬಿಸಿ ಚಹಾ ಆರಿಸುವಂತೆ ತುಟಿ ಸೇರಿಸಿ, ಎಳೆದುದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಿ.

● ದಣಿದ ರೈತ ಹೊಲದ ಬದುವಿನ ಮೇಲೆ, ಮೊಣಕಾಲಿಗೆ ಮೊಣಕೈ ಊರಿ, ಮುಂದಕ್ಕೆ ಬಾಗಿ ಕೂರುತ್ತಾನಲ್ಲ? ಏದುಸಿರು ಬಂದಾಗ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುವುದೂ ಹೀಗೆ ಮುಂದೆ ಬಾಗಿ ಕೂರಲು!

● ಗರಡಿಮನೆಯಲ್ಲಿ ಜ್ವರದಿಂದ ಎದ್ದವನು ಮೊದಲ ದಿನವೇ ನೂರು ಬಸ್ಕಿ ಹೊಡೆಯುವುದಿಲ್ಲ. ಇಲ್ಲೂ ಅಷ್ಟೇ, ಐದೈದು ನಿಮಿಷದಿಂದ ಆರಂಭಿಸಿ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ನಸುಕೇ ಲೇಸು. ಹತ್ತಿಯ ದೂಳು, ಒಲೆಯ ಹೊಗೆ ಇದ್ದಲ್ಲಿ ಬೇಡ. ಜ್ವರ ಇರುವಾಗಲೂ ಬೇಡ.

● ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಎದೆನೋವು ಬಂದರೆ, ತುಟಿ ನೀಲಿಗಟ್ಟಿದರೆ ಅಥವಾ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಆಸ್ಪತ್ರೆಗೆ ನಡೆಯಿರಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ.

● ಹಾಡೂ ಔಷಧವೇ! ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಓಪೆರಾ ಕಂಪನಿ 2020ರಲ್ಲಿ ಕೋವಿಡ್ ನಂತರದ ಏದುಸಿರಿಗೆ ಜೋಗುಳ ಹಾಡಿಸುವ ತರಬೇತಿ ಆರಂಭಿಸಿತು. 150 ಜನರ ಪ್ರಯೋಗದಲ್ಲಿ ಏದುಸಿರಿನ ಕಾಟ ಕೆಲಮಟ್ಟಿಗೆ ಇಳಿದದ್ದು 2022ರಲ್ಲಿ ಪ್ರಕಟವಾಯಿತು. 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರ ಮಾನ್ವಿಯಲ್ಲಿ ಹಾಡಿಗೆ ಬರವೇ? ಸಂಜೆಯ ಭಜನೆಗೆ ದನಿಗೂಡಿಸಿ.

● ಚೇತರಿಕೆ ಅಳೆಯಲು ಹಳೆಯದೊಂದು ಉಪಾಯ: ತುಂಬ ಉಸಿರೆಳೆದು, ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುವುದು. ಎಲ್ಲಿಗೆ ನಿಂತಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ಎಣಿಸಿ.