ಗಣಕದ ತೆರೆಯ ಮೇಲೆ ಚಿತ್ರದ ಸೀಳು

ಗಣಕದ ಆಟಗಳನ್ನು ಆಡುವವರಿಗೆ ಚಿರಪರಿಚಿತವಾದ ಒಂದು ದೋಷವುಂಟು. ಆಟಗಾರನು ದೃಷ್ಟಿಯನ್ನು ಎಡದಿಂದ ಬಲಕ್ಕೆ ವೇಗವಾಗಿ ತಿರುಗಿಸಿದಾಗ, ತೆರೆಯ ಮೇಲಿನ ಕಂಬವೊಂದು ನಡುವೆ ತುಂಡಾಗಿ, ಅದರ ಮೇಲ್ಭಾಗ ಒಂದು ಕಡೆಗೂ ಕೆಳಭಾಗ ಇನ್ನೊಂದು ಕಡೆಗೂ ಸರಿದಂತೆ ತೋರುತ್ತದೆ. ರೂಢಿಯಲ್ಲಿ ಇದನ್ನು ಸ್ಕ್ರೀನ್ ಟೇರಿಂಗ್ ಎನ್ನುತ್ತಾರೆ. ಇಲ್ಲಿ ಚಿತ್ರದ ಸೀಳು ಎಂದು ಕರೆಯೋಣ. ಯಂತ್ರದ ಶಕ್ತಿ ಸಾಲದೆ ಇದು ಉಂಟಾಗುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಅತಿ ಶಕ್ತವಾದ ಯಂತ್ರದಲ್ಲಿಯೂ ಸೀಳು ಕಂಡುಬರುವುದರಿಂದ, ಕಾರಣವನ್ನು ಬೇರೆಡೆ ಹುಡುಕಬೇಕಾಗಿದೆ.

ಆಟದ ಗಣಕದಲ್ಲಿ ಎರಡು ಗಡಿಯಾರಗಳು ಏಕಕಾಲದಲ್ಲಿ ನಡೆಯುತ್ತಿರುತ್ತವೆ ಎನ್ನಬಹುದು. ಮೊದಲನೆಯದು ತೆರೆಯದು. ಹಿಂದಿನ ಕ್ಯಾಥೋಡ್ ಕಿರಣ ನಳಿಕೆಯಲ್ಲಿ ಎಲೆಕ್ಟ್ರಾನುಗಳ ಕಿರಣವು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಚಿತ್ರವನ್ನು ಬರೆದು, ಮತ್ತೆ ಮೇಲಕ್ಕೆ ಹಿಂದಿರುಗುತ್ತಿತ್ತು. ಹಿಂದಿರುಗುವ ಅವಧಿಯಲ್ಲಿ ಏನನ್ನೂ ಬರೆಯುತ್ತಿರಲಿಲ್ಲ. ಈಗಿನ ಚಪ್ಪಟೆ ತೆರೆಗಳಲ್ಲಿ ಕಿರಣವಿಲ್ಲದಿದ್ದರೂ ಬರೆಯುವ ಕ್ರಮವೂ ನಡುವಣ ಖಾಲಿ ಅವಧಿಯೂ ಉಳಿದುಬಂದಿವೆ. ೬೦ ಹರ್ಟ್ಸ್ ತೆರೆಯು ಸೆಕೆಂಡಿಗೆ ೬೦ ಬಾರಿ, ಎಂದರೆ ೧೬.೭ ಮಿಲಿಸೆಕೆಂಡಿಗೊಮ್ಮೆ, ಹೊಸದಾಗಿ ಬರೆಯಲ್ಪಡುತ್ತದೆ. ೧೦೮೦ ಸಾಲುಗಳ ತೆರೆಯ ಪ್ರಮಾಣಿತ ಸಂಕೇತದಲ್ಲಿ ಒಟ್ಟು ೧೧೨೫ ಸಾಲುಗಳಿಗೆ ಬೇಕಾದಷ್ಟು ಕಾಲವಿದ್ದು, ಉಳಿದ ೪೫ ಸಾಲುಗಳ ಕಾಲವೇ ಈ ಖಾಲಿ ಅವಧಿ. ಇದು ಇಡೀ ಆವರ್ತದ ಶೇಕಡಾ ೪ ಮಾತ್ರ.

ಎರಡನೆಯ ಗಡಿಯಾರ ಚಿತ್ರವನ್ನು ರಚಿಸುವ ಗ್ರಾಫಿಕ್ಸ್ ಕಾರ್ಡಿನದು. ಸೆಕೆಂಡಿಗೆ ಅದು ರಚಿಸುವ ಚಿತ್ರಗಳ ಸಂಖ್ಯೆಯೇ ಫ್ರೇಮ್ ರೇಟ್ ಅಥವಾ ಚಿತ್ರಗತಿ. ಬರಿಯ ಗೋಡೆಯನ್ನು ರಚಿಸಲು ಹಿಡಿಯುವ ಕಾಲಕ್ಕಿಂತ ದಟ್ಟವಾದ ಕಾಡನ್ನು ರಚಿಸಲು ಹಿಡಿಯುವ ಕಾಲ ಹೆಚ್ಚು. ಆದುದರಿಂದ ಈ ಗಡಿಯಾರಕ್ಕೆ ಸಮಗತಿಯಿಲ್ಲ. ಕಾರ್ಡಿನ ಮೆಮೊರಿಯಲ್ಲಿ ಚಿತ್ರಕ್ಕಾಗಿ ಎರಡು ಹಲಗೆಗಳಿವೆಯೆಂದು ಭಾವಿಸೋಣ. ಒಂದನ್ನು ತೆರೆಯು ಓದುತ್ತಿರುವಾಗ ಇನ್ನೊಂದರ ಮೇಲೆ ಮುಂದಿನ ಚಿತ್ರ ಸಿದ್ಧವಾಗುತ್ತದೆ. ಸಿದ್ಧವಾದೊಡನೆ ಹಲಗೆಗಳು ಅದಲುಬದಲಾಗುತ್ತವೆ. ತೆರೆಯ ೫೦೦ನೆಯ ಸಾಲನ್ನು ಬರೆಯುತ್ತಿರುವಾಗ ಈ ಬದಲಾವಣೆ ನಡೆದರೆ, ಅಲ್ಲಿಯವರೆಗೆ ಹಳೆಯ ಚಿತ್ರವೂ ಅಲ್ಲಿಂದ ಕೆಳಕ್ಕೆ ಹೊಸ ಚಿತ್ರವೂ ನಿಲ್ಲುತ್ತವೆ. ಇದೇ ಸೀಳು. ಖಾಲಿ ಅವಧಿ ಅತ್ಯಲ್ಪವಾದುದರಿಂದ, ತಡೆಯಿಲ್ಲದೆ ಬಿಟ್ಟರೆ ಬದಲಾವಣೆಗಳಲ್ಲಿ ಬಹುಪಾಲು ಗೋಚರಭಾಗದಲ್ಲಿಯೇ ನಡೆಯುತ್ತವೆ. ಚಿತ್ರಗತಿಯು ತೆರೆಯ ಆವರ್ತನಕ್ಕಿಂತ ಹೆಚ್ಚಿರಲಿ ಕಡಮೆಯಿರಲಿ, ಇದು ತಪ್ಪದು.

ಸೀಳಿನ ಅಗಲವನ್ನು ಲೆಕ್ಕ ಹಾಕಬಹುದು. ದೃಶ್ಯವು ಸೆಕೆಂಡಿಗೆ ೧೯೨೦ ಬಿಂದುಗಳಷ್ಟು ಸರಿಯುತ್ತಿದೆಯೆಂದು ಇಟ್ಟುಕೊಳ್ಳೋಣ. ಚಿತ್ರಗತಿ ೬೦ ಆದರೆ ಎರಡು ಚಿತ್ರಗಳ ನಡುವಣ ಅಂತರ ೩೨ ಬಿಂದು. ಅದು ೨೪೦ ಆದರೆ ೮ ಬಿಂದು ಮಾತ್ರ. ಎರಡನೆಯ ಸಂದರ್ಭದಲ್ಲಿ ೬೦ ಹರ್ಟ್ಸ್ ತೆರೆಯ ಮೇಲೆ ಆವರ್ತವೊಂದಕ್ಕೆ ಸುಮಾರು ನಾಲ್ಕು ಸೀಳುಗಳು ಬೀಳುತ್ತವೆ, ಆದರೆ ಒಂದೊಂದೂ ಕಿರಿದು. ಶಕ್ತಿಯನ್ನು ಹೆಚ್ಚಿಸುವುದರಿಂದ ದೋಷ ಕುಗ್ಗುವುದೇ ಹೊರತು ಅಳಿಯುವುದಿಲ್ಲ.

ಇದಕ್ಕೆ ಸಹಜವಾದ ಪರಿಹಾರ ವರ್ಟಿಕಲ್ ಸಿಂಕ್. ಚಲನಚಿತ್ರದ ಪ್ರೊಜೆಕ್ಟರಿನಲ್ಲಿ ಫಿಲ್ಮು ಮುಂದಕ್ಕೆ ಸರಿಯುವಾಗ ಷಟರು ಬೆಳಕನ್ನು ಮುಚ್ಚುವುದಷ್ಟೆ; ಅಂತೆಯೇ ಇಲ್ಲಿಯೂ ಹಲಗೆಗಳ ಬದಲಾವಣೆ ಖಾಲಿ ಅವಧಿಯಲ್ಲಿ ಮಾತ್ರ ನಡೆಯಬೇಕೆಂಬುದು ನಿಯಮ. ಸೀಳು ಸಂಪೂರ್ಣವಾಗಿ ಹೋಗುತ್ತದೆ. ಆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಒಂದು ಚಿತ್ರಕ್ಕೆ ೨೦ ಮಿಲಿಸೆಕೆಂಡು ಹಿಡಿದರೆ ಅದು ೧೬.೭ರ ಗಡುವನ್ನು ತಪ್ಪಿಸಿಕೊಂಡು ೩೩.೩ರ ವರೆಗೆ ಕಾಯುತ್ತದೆ. ಎರಡೂ ಹಲಗೆಗಳು ತುಂಬಿರುವುದರಿಂದ ಕಾರ್ಡು ಅಷ್ಟರವರೆಗೆ ಸುಮ್ಮನಿರುತ್ತದೆ. ೫೦ ಇರಬೇಕಾದ ಚಿತ್ರಗತಿ ೩೦ಕ್ಕೆ ಇಳಿಯುತ್ತದೆ. ಕಾರ್ಡು ವೇಗವಾಗಿದ್ದಾಗ ತೊಂದರೆ ಬೇರೆ ಬಗೆಯದು. ಸಿದ್ಧವಾದ ಚಿತ್ರಗಳು ಸರದಿಯಲ್ಲಿ ನಿಲ್ಲುತ್ತವೆ. ಎರಡು ಚಿತ್ರಗಳು ನಿಂತರೆ ಆಟಗಾರನ ಕೈಯ ಚಲನೆ ಕಣ್ಣಿಗೆ ಕಾಣುವುದು ೩೩ ಮಿಲಿಸೆಕೆಂಡು ತಡವಾಗುತ್ತದೆ. ಸಿನಿಮಾ ನೋಡುವವನಿಗೆ ಇದು ಬಾಧಕವಲ್ಲ. ಗುರಿಯಿಟ್ಟು ಹೊಡೆಯುವವನಿಗೆ ಬಾಧಕ.

ಮೂರನೆಯ ಹಲಗೆಯನ್ನು ಒದಗಿಸಿದರೆ ಕಾರ್ಡು ಸುಮ್ಮನಿರಬೇಕಾಗಿಲ್ಲ. ಆದರೂ ೫೦ ಚಿತ್ರಗಳನ್ನು ೬೦ ಆವರ್ತಗಳಲ್ಲಿ ಹಂಚುವಾಗ ಪ್ರತಿ ಐದಕ್ಕೆ ಒಂದು ಚಿತ್ರ ಎರಡು ಬಾರಿ ತೋರಬೇಕಾಗಿ, ಚಲನೆ ಕುಲುಕಿದಂತಾಗುತ್ತದೆ.

ಇಲ್ಲಿಯವರೆಗಿನ ಉಪಾಯಗಳಲ್ಲೆಲ್ಲ ಕಾರ್ಡು ತೆರೆಗಾಗಿ ಕಾಯುತ್ತಿತ್ತು. ತೆರೆಯೇ ಕಾರ್ಡಿಗಾಗಿ ಏಕೆ ಕಾಯಬಾರದು? ೨೦೧೩ರಲ್ಲಿ ಎನ್ವಿಡಿಯಾ ಸಂಸ್ಥೆಯು ಪ್ರಕಟಿಸಿದ ಜಿ-ಸಿಂಕ್ ಈ ವಿಚಾರದ ಫಲ. ೨೦೧೪ರಲ್ಲಿ ವೆಸಾ ಎಂಬ ಪ್ರಮಾಣೀಕರಣ ಸಂಘವು ಡಿಸ್‌ಪ್ಲೇಪೋರ್ಟ್ ನಿಯಮಾವಳಿಗೆ ಅಡಾಪ್ಟಿವ್-ಸಿಂಕನ್ನು ಸೇರಿಸಿತು. ಎಎಂಡಿಯ ಫ್ರೀಸಿಂಕ್ ಅದನ್ನು ಆಧರಿಸಿದೆ. ಹೊಸ ಚಿತ್ರ ಬರುವವರೆಗೆ ಖಾಲಿ ಅವಧಿಯನ್ನು ಹಿಗ್ಗಿಸುವುದೇ ಇದರ ಮರ್ಮ. ೨೦ ಮಿಲಿಸೆಕೆಂಡಿನ ಚಿತ್ರ ಆಗ ೨೦ ಮಿಲಿಸೆಕೆಂಡಿಗೊಮ್ಮೆಯೇ ಕಾಣುತ್ತದೆ. ಆದರೆ ಪ್ರತಿಯೊಂದು ತೆರೆಗೂ ಈ ವ್ಯವಸ್ಥೆಗೆ ಮೇಲಿನ ಮತ್ತು ಕೆಳಗಿನ ಮಿತಿಗಳುಂಟು. ಮೇಲ್ಮಿತಿಯನ್ನು ದಾಟಿದರೆ ಸೀಳೋ ಕಾಯುವಿಕೆಯೋ ಎಂಬ ಹಳೆಯ ಪ್ರಶ್ನೆ ಮರುಕಳಿಸುತ್ತದೆ. ಚಿತ್ರಗತಿಯನ್ನು ಮೇಲ್ಮಿತಿಗಿಂತ ತುಸು ಕೆಳಗೆ ಕಟ್ಟಿಡುವುದು ಇದಕ್ಕಾಗಿಯೇ.

ಈ ವಿಷಯ ಆಟಕ್ಕಷ್ಟೇ ಸೇರಿದುದೆಂದು ಭಾವಿಸಬಾರದು. ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಆಕೃತಿಯೊಂದನ್ನು ನಿಯತ ಕಾಲ ತೋರಿಸಿ ಪ್ರತಿಕ್ರಿಯೆಯನ್ನು ಅಳೆಯುವುದುಂಟು. ಸ್ಥಿರವಾದ ೬೦ ಹರ್ಟ್ಸ್ ತೆರೆಯಲ್ಲಿ ಆಕೃತಿಯನ್ನು ೧೬.೭ ಅಥವಾ ೩೩.೩ ಮಿಲಿಸೆಕೆಂಡು ಇಡಬಹುದು. ಸೀಳಿಲ್ಲದೆ ೨೦ ಮಿಲಿಸೆಕೆಂಡು ಇಡುವುದು ಅಸಾಧ್ಯ. ಸೈಕ್‌ಟೂಲ್‌ಬಾಕ್ಸ್‌ನಂತಹ ತಂತ್ರಾಂಶಗಳು ಚಿತ್ರದ ಬದಲಾವಣೆಯನ್ನು ಖಾಲಿ ಅವಧಿಗೆ ಹೊಂದಿಸಿ ಅದರ ಕಾಲವನ್ನು ದಾಖಲಿಸುವುದು ಈ ಕಾರಣದಿಂದಲೇ. ಆಟಗಾರನಿಗೆ ವಿಳಂಬವೇ ಶತ್ರುವಾದರೆ ಸೀಳನ್ನು ಸಹಿಸಬಹುದು. ಪ್ರಯೋಗಶಾಲೆಯಲ್ಲಿ ಮಾತ್ರ ಸಿಂಕನ್ನು ಕೈಬಿಡಲಾಗದು, ಏಕೆಂದರೆ ಅಲ್ಲಿ ಕೆಡುವುದು ಚಿತ್ರವೊಂದೇ ಅಲ್ಲ, ಅಳತೆಯೂ ಕೆಡುತ್ತದೆ.