ಕೆಮ್ಮಿಲ್ಲದೆಯೂ ಕ್ಷಯ: ಎಚ್.ಐ.ವಿ. ಸೋಂಕಿತರ ಬಗ್ಗೆ ತಿಳಿದಿರಬೇಕಾದದ್ದು

ಕ್ಷಯರೋಗ ಎಂದ ಕೂಡಲೇ ನಮ್ಮ ನೆನಪಿಗೆ ಬರುವುದು ವಾರಗಟ್ಟಲೆ ಬಿಡದ ಕೆಮ್ಮು, ಕಫದಲ್ಲಿ ರಕ್ತ. ಆದರೆ ಎಚ್.ಐ.ವಿ. ಸೋಂಕಿತರಲ್ಲಿ ಈ ರೋಗ ಅನೇಕ ಬಾರಿ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಸಂಜೆಯ ಸಣ್ಣ ಜ್ವರ, ಸ್ವಲ್ಪ ತೂಕ ಇಳಿಕೆ, ಕುತ್ತಿಗೆಯಲ್ಲೊಂದು ಗಂಟು, ಇಷ್ಟೇ ಇರಬಹುದು. ‘ಈ ಕಾಯಿಲೆಯವರು ಸೊರಗುವುದು ಸಹಜ’ ಎಂದು ಮನೆಯವರು ಸುಮ್ಮನಿದ್ದರೆ ಗುಣಪಡಿಸಬಹುದಾದ ರೋಗವೇ ಪ್ರಾಣ ತೆಗೆಯುತ್ತದೆ. ಇಂದಿಗೂ ವಿಶ್ವದಲ್ಲಿ ಎಚ್.ಐ.ವಿ. ಸೋಂಕಿತರ ಸಾವಿಗೆ ಮುಖ್ಯ ಕಾರಣ ಕ್ಷಯರೋಗವೇ ಆಗಿದೆ.

ಅವಕಾಶವಾದಿ ಸೋಂಕು ಎಂದರೇನು?

ರೋಗಾಣುಗಳ ವಿರುದ್ಧ ದೇಹದ ಹೋರಾಟವನ್ನು ಮುನ್ನಡೆಸುವುದು ಸಿ.ಡಿ.4 ಎಂಬ ಬಿಳಿ ರಕ್ತಕಣಗಳು. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಿರುತ್ತವೆ. ಎಚ್.ಐ.ವಿ. ಇವನ್ನೇ ನಾಶಪಡಿಸುತ್ತದೆ. ಹೀಗೆ ಕಾವಲು ಸಡಿಲವಾದಾಗ ತಲೆ ಎತ್ತುವ ರೋಗಗಳೇ ಅವಕಾಶವಾದಿ ಸೋಂಕುಗಳು.

ಇವುಗಳಲ್ಲಿ ಮೈಕೋಬ್ಯಾಕ್ಟೀರಿಯಾ ಎಂಬ ರೋಗಾಣುಗಳ ಪಂಗಡ ಮುಖ್ಯವಾದುದು. 1882ರ ಮಾರ್ಚ್ 24ರಂದು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ ಜಗತ್ತಿಗೆ ತಿಳಿಸಿದ ಕ್ಷಯದ ರೋಗಾಣು ಈ ಪಂಗಡದ್ದು. ಇದು ಗಾಳಿಯ ಮೂಲಕ ಹರಡುತ್ತದೆ; ಊಟದ ಬಟ್ಟಲಿನಿಂದ ಅಥವಾ ಕೈ ಕುಲುಕುವುದರಿಂದ ಅಲ್ಲ. ಅನೇಕರ ದೇಹದಲ್ಲಿ ಇದು ವರ್ಷಗಟ್ಟಲೆ ಸುಪ್ತವಾಗಿರುತ್ತದೆ. ಅಂಥ ನೂರು ಮಂದಿಯಲ್ಲಿ 5ರಿಂದ 10 ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಬರುತ್ತದೆ. ಎಚ್.ಐ.ವಿ. ಇದ್ದರೆ ಈ ಅಪಾಯ ಅನೇಕ ಪಟ್ಟು ಹೆಚ್ಚು.

ಇದೇ ಪಂಗಡದ ‘ಏವಿಯಂ’ ಗುಂಪಿನ ರೋಗಾಣುಗಳು ಮಣ್ಣು ಮತ್ತು ನೀರಿನಲ್ಲಿರುತ್ತವೆ. ಮುಖ್ಯವಾಗಿ ಸಿ.ಡಿ.4 ಸಂಖ್ಯೆ 50ಕ್ಕಿಂತ ಕೆಳಗಿಳಿದವರಲ್ಲಿ ಇವು ದೇಹವಿಡೀ ಹರಡಿ ಜ್ವರ, ಭೇದಿ, ರಕ್ತಹೀನತೆ ಉಂಟುಮಾಡುತ್ತವೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಔಷಧಿಯೂ ಬೇರೆ. ಕ್ಷಯವಾದರೋ ಸಿ.ಡಿ.4 ಎಷ್ಟಿದ್ದರೂ ಬರಬಹುದು.

ಪರೀಕ್ಷೆಯಲ್ಲಿ ತಪ್ಪುವುದೇಕೆ?

ಕ್ಷಯದಲ್ಲಿ ಶ್ವಾಸಕೋಶಕ್ಕಾಗುವ ಹಾನಿಗೆ ದೇಹದ ಪ್ರತಿರೋಧವೇ ಬಹುಮಟ್ಟಿಗೆ ಕಾರಣ. ಅದು ಕುಂದಿದವರಲ್ಲಿ ಶ್ವಾಸಕೋಶದಲ್ಲಿ ಕುಳಿಗಳಾಗುವುದು ಕಡಿಮೆ, ಕಫದಲ್ಲಿ ರೋಗಾಣುಗಳೂ ಕಡಿಮೆ. ಆದ್ದರಿಂದ ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ‘ಕ್ಷಯ ಇಲ್ಲ’ ಎಂದು ಬರುವುದುಂಟು. ಎಕ್ಸ್‌ರೇಯಲ್ಲೂ ಏನೂ ಕಾಣದಿರಬಹುದು. ಹಾಗಾಗಿ ರೋಗಾಣುವಿನ ಡಿ.ಎನ್.ಎ.ಯನ್ನೇ ಪತ್ತೆಮಾಡುವ ಸಿ.ಬಿ.ನ್ಯಾಟ್‌ನಂತಹ ಪರೀಕ್ಷೆ ಅಗತ್ಯ. ಸುಮಾರು 2 ಗಂಟೆಯೊಳಗೆ ಯಂತ್ರ ಫಲಿತಾಂಶ ಕೊಡುತ್ತದೆ.

ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರುವಿಕೆ, ಈ ನಾಲ್ಕರಲ್ಲಿ ಒಂದಿದ್ದರೂ ಎಚ್.ಐ.ವಿ. ಸೋಂಕಿತರು ಎರಡು ವಾರ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕ್ಷಯ ಇಲ್ಲವೆಂದು ಖಚಿತವಾದರೆ ಅದು ಬಾರದಂತೆ ತಡೆಯುವ ಮಾತ್ರೆಗಳೂ ಇವೆ.

ಮುಚ್ಚಿಟ್ಟರೆ ಅಪಾಯ

ಔಷಧಿಗೆ ಬಗ್ಗುವ ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಪೌಷ್ಟಿಕ ಆಹಾರಕ್ಕೆಂದು ಕೊಡುವ ಸಹಾಯಧನವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿಸಲಾಗಿದೆ. ಎಚ್.ಐ.ವಿ.ಗೆ ನೀಡುವ ಎ.ಆರ್.ಟಿ. ಔಷಧಿಯೂ 2004ರ ಏಪ್ರಿಲ್ 1ರಿಂದ ಉಚಿತವಾಗಿ ದೊರೆಯುತ್ತಿದೆ.

ಆದರೆ ಎರಡು ವಿಷಯ ನೆನಪಿರಲಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಎ.ಆರ್.ಟಿ.ಯಲ್ಲಿರುವ ಡೊಲುಟೆಗ್ರಾವಿರ್ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಇಳಿಸುತ್ತದೆ. ಅದಕ್ಕಾಗಿ ವೈದ್ಯರು ದಿನಕ್ಕೊಂದರ ಬದಲು ಎರಡು ಬಾರಿ ಆ ಮಾತ್ರೆ ಕೊಡುತ್ತಾರೆ. ನಾಚಿಕೆಯಿಂದ ಒಂದು ಕಾಯಿಲೆಯನ್ನು ಮುಚ್ಚಿಟ್ಟರೆ ಈ ಬದಲಾವಣೆ ಆಗುವುದೇ ಇಲ್ಲ.

ಎರಡನೆಯದಾಗಿ, ಎ.ಆರ್.ಟಿ. ಆರಂಭಿಸಿದ ಮೊದಲ ವಾರಗಳಲ್ಲಿ ಕೆಲವರಿಗೆ ಜ್ವರ ಮರುಕಳಿಸಿ, ಗಂಟುಗಳು ಊದಬಹುದು. ಚೇತರಿಸುತ್ತಿರುವ ಪ್ರತಿರೋಧ ಶಕ್ತಿ ರೋಗಾಣುವಿನ ಮೇಲೆ ಎರಗುವುದೇ ಇದಕ್ಕೆ ಕಾರಣ. ‘ಔಷಧಿ ಆಗಿಬರಲಿಲ್ಲ’ ಎಂದು ಮಾತ್ರೆ ನಿಲ್ಲಿಸಬಾರದು. ಕೂಡಲೇ ವೈದ್ಯರನ್ನು ಕಾಣಬೇಕು.

ರೋಗಿಗಳ ಮನೆಗೆ ಭೇಟಿ ನೀಡುವ ನಮ್ಮ ಕಾರ್ಯಕರ್ತರು ಜ್ವರ, ತೂಕದ ಬಗ್ಗೆ ವಿಚಾರಿಸಲಿ, ಆಸ್ಪತ್ರೆಗೆ ಜತೆಗೆ ಹೋಗಲಿ. ಆದರೆ ತಿಳಿದ ಗುಟ್ಟು ಅವರಲ್ಲೇ ಉಳಿಯಲಿ. ಒಬ್ಬರ ಎಚ್.ಐ.ವಿ. ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಗುಟ್ಟು ಉಳಿಯುತ್ತದೆ ಎಂಬ ಭರವಸೆ ಇದ್ದಲ್ಲಿ ರೋಗಿ ತಡಮಾಡದೆ ಬಾಯಿಬಿಡುತ್ತಾನೆ.